ಒಂದು ಮನೆಯಗಲದ ಧೂಳು

ಕುಕ್ ಟೌನಿನ ಆ ಹಳೆಯ ಬಂಗಲೆಗೆ ಹಲಗೆಯ ಮೇಲೆ ಬರೆದಿದ್ದ ಹೆಸರು ಒಂದು, ಜನ ಕರೆಯುತ್ತಿದ್ದ ಹೆಸರು ಇನ್ನೊಂದು. ಹಲಗೆಯ ಮೇಲೆ ಯಂತ್ರ, ಕೈಗಾರಿಕೆ, ಮ್ಯೂಸಿಯಂ ಎಂದೆಲ್ಲ ಇಂಗ್ಲಿಷಿನಲ್ಲಿ ಉದ್ದಕ್ಕೆ ಇತ್ತು. ಜಟಕಾದವನ ಹತ್ತಿರ ಅಷ್ಟನ್ನೂ ಹೇಳಿದರೆ ಅವನು ನಿಮ್ಮನ್ನು ಬಾಣಸವಾಡಿ ಸ್ಟೇಷನ್ನಿಗೆ ಕೊಂಡೊಯ್ದು ಇಳಿಸುತ್ತಿದ್ದ. ‘ಗುಜರಿ ಬಂಗಲೆ’ ಎಂದರೆ ಮಾತ್ರ ಸೀದಾ ಗೇಟಿನ ಮುಂದೆ ನಿಲ್ಲಿಸುತ್ತಿದ್ದ. ಅಲ್ಲಿನ ಕ್ಯುರೇಟರ್ ಆದಿನಾರಾಯಣನಿಗೆ ಮೊದಮೊದಲು ಈ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಆಮೇಲಾಮೇಲೆ ಅವನೇ ಹಾಗೆ ಕರೆಯತೊಡಗಿದ.

ಬಂಗಲೆ ಕಟ್ಟಿಸಿದವನು ರೈಲ್ವೆಯಲ್ಲಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರು. ಹೆಂಡತಿ ಮಕ್ಕಳಿಲ್ಲದ ಆ ದೊರೆಗೆ ಹಳೆಯ ಯಂತ್ರಗಳ ಹುಚ್ಚು. ಕೆಟ್ಟ ಪಂಪು, ಮುರಿದ ಗಾಣ, ಮಸಿ ಹಿಡಿದ ಬೀದಿದೀಪ, ಏನು ಕಂಡರೂ ಹೊತ್ತು ತರುತ್ತಿದ್ದ. ಅವುಗಳಿಗೆ ಲೇಬಲ್ಲು ಬರೆಯಲೆಂದು ಅವನಿಟ್ಟುಕೊಂಡ ಗುಮಾಸ್ತನೇ ಆದಿನಾರಾಯಣ. ದೊರೆ ತೀರಿಕೊಂಡ ಮೇಲೆ ಬಂಗಲೆ ಒಂದು ಕಮಿಟಿಯ ಕೈಗೆ ಬಂತು, ಗುಮಾಸ್ತ ಕ್ಯುರೇಟರ್ ಆದ. ಅಷ್ಟರಲ್ಲಿ ದೊರೆಯ ಹುಚ್ಚು ಅವನಿಗೂ ಹತ್ತಿತ್ತು. ಯಾವ ರಾಜ ಯಾರನ್ನು ಸೋಲಿಸಿದ ಎಂದು ಬರೆಯುವವರು ಬೇಕಾದಷ್ಟಿದ್ದಾರೆ, ಆ ರಾಜನ ಕುದುರೆಗೆ ನೀರು ತಂದವರು ಯಾರು, ಯಾವುದರಲ್ಲಿ ತಂದರು ಎಂದು ಬರೆಯುವವನು ಒಬ್ಬನಾದರೂ ಬೇಡವೇ ಎಂದು ಕೇಳುತ್ತಿದ್ದ. ಕೇಳಿದವರು ಬೇಡ ಎನ್ನುತ್ತಿರಲಿಲ್ಲ, ಆಕಳಿಸುತ್ತಿದ್ದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾತ್ರ ಅವನು ಊರಿಗೆಲ್ಲ ಹೆಸರಾಗಿಬಿಟ್ಟ. ತೋಪು ಗುಂಡು ಮಾಡಲು ಹಳೆಯ ಕಬ್ಬಿಣ ಬೇಕೆಂದು ದಂಡಿನವರು ಲಾರಿ ತೆಗೆದುಕೊಂಡು ಬೀದಿ ಬೀದಿ ತಿರುಗುತ್ತಿದ್ದ ದಿನಗಳವು. ಗುಜರಿ ಬಂಗಲೆಗೂ ಬರುತ್ತಾರೆಂದು ಸುಳಿವು ಸಿಕ್ಕಿತು. ಆದಿನಾರಾಯಣ ಹಿಂದಿನ ದಿನವೇ ಹಲಸೂರಿನ ಸಂತೆಯಿಂದ ನಿಂಬೆಹಣ್ಣು, ಕುಂಕುಮ, ಚೆಂಡುಹೂ ತಂದು ಪಂಪಿಗೂ ಬಾಯ್ಲರಿಗೂ ಆಯುಧಪೂಜೆ ಮಾಡಿಬಿಟ್ಟ. ಬಂದ ಸಾರ್ಜೆಂಟು ಬಾಗಿಲಲ್ಲೇ ನಿಂತ. ಇದೆಲ್ಲ ದೇವರೇ ಎಂದು ಕೇಳಿದ. ಆದಿನಾರಾಯಣ ಕೈಮುಗಿದು, ಊರಿನವರಿಗೆ ಇದನ್ನು ಮುಟ್ಟಿದರೆ ಬಹಳ ಕೋಪ ಎಂದ. ದೊರೆಗಳಿಗೆ ದೇವರ ಭಯ ಅಷ್ಟಕ್ಕಷ್ಟೆ, ದೇವರ ಹೆಸರಿನ ಗಲಾಟೆಯ ಭಯ ಮಾತ್ರ ಬಹಳ. ಲಾರಿ ಖಾಲಿಯಾಗಿಯೇ ಹಿಂದಿರುಗಿತು.

ಹೀಗೆ ಉಳಿಸಿಕೊಂಡದ್ದರಲ್ಲಿ ಅವನಿಗೆ ಎಲ್ಲಕ್ಕಿಂತ ಪ್ರೀತಿಯದು ನೀರಿನ ಕೋಣೆ. ಅದನ್ನು ಜೋಡಿಸುವುದರಲ್ಲಿ ಅವನ ಅರ್ಧ ಆಯಸ್ಸು ಕಳೆದಿತ್ತು. ಒಂದು ಗೋಡೆಗೆ ಅವನ ಅಪ್ಪ ಲಿಂಗರಾಜಪುರದ ತೋಟದಲ್ಲಿ ಎತ್ತು ಕಟ್ಟಿ ಓಡಿಸುತ್ತಿದ್ದ ಕಪಿಲೆ, ಅದರ ಗಾಲಿ, ಹಗ್ಗ, ಬಾವಿಯಿಂದ ನೀರು ಮೊಗೆಯುವ ತೊಗಲ ಚೀಲ. ಎದುರು ಗೋಡೆಗೆ ಕೈಪಂಪು, ಉಗಿಯ ಪಂಪು, ಹಿತ್ತಾಳೆಯ ನಲ್ಲಿ. ಇವೆರಡರ ನಡುವಿನ ಗೋಡೆಯಲ್ಲಿ ಒಂದು ಮರದ ಗೂಟ ಮಾತ್ರ, ಖಾಲಿ. ಗೂಟದ ಕೆಳಗೆ ಅವನು ಎಂದೋ ಬರೆದು ಅಂಟಿಸಿದ ಲೇಬಲ್ಲು: ‘ಭಿಸ್ತಿಯ ಮಶ್ಕು. ಇಡೀ ಮೇಕೆಯ ತೊಗಲಿನಿಂದ ಮಾಡಿದ ನೀರಿನ ಚೀಲ. ನಲ್ಲಿ ಬರುವ ಮೊದಲು ದಂಡು ಕುಡಿದದ್ದು ಇದರ ನೀರನ್ನು.’

ಮಶ್ಕು ಬೇರೆಲ್ಲಾದರೂ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ಆದಿನಾರಾಯಣನಿಗೆ ಬೇಕಾಗಿದ್ದದ್ದು ಹಬೀಬನ ಮಶ್ಕು. ಅದಕ್ಕೆ ಕಾರಣ ಲೇಬಲ್ಲಿನಲ್ಲಿ ಬರೆಯುವಂಥದ್ದಲ್ಲ.

ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದ ವರ್ಷ ಊರಿಗೆಲ್ಲ ಇನ್‌ಫ್ಲುಯೆಂಜಾ ಬಡಿಯಿತು. ಹಲಸೂರಿನ ಅವರ ಬೀದಿಯಲ್ಲಿ ಬಾಗಿಲು ತೆರೆದ ಮನೆಯೇ ಇರಲಿಲ್ಲ. ಹೊಸದಾಗಿ ಮದುವೆಯಾಗಿದ್ದ ಆದಿನಾರಾಯಣ, ಹೆಂಡತಿ ಆದಿಲಕ್ಷ್ಮಿ, ತಾಯಿ ಅಕ್ಕಯಮ್ಮ ಮೂವರೂ ಒಟ್ಟಿಗೇ ಮಲಗಿದರು. ಮನೆಯ ಮಡಕೆಗಳು ಒಣಗಿದವು. ಬಾವಿಗೆ ಹೋಗುವ ಶಕ್ತಿ ಯಾರಿಗೂ ಇಲ್ಲ, ಕರೆದರೆ ಬರುವವರೂ ಇಲ್ಲ. ಅಕ್ಕಯಮ್ಮ ತೆವಳಿಕೊಂಡು ಹೋಗಿ ಖಾಲಿ ಚೊಂಬು ಹಿಡಿದು ಹೊಸ್ತಿಲಲ್ಲಿ ಕೂತಳು. ದಂಡಿನ ಆಸ್ಪತ್ರೆಗೆ ನೀರು ಹೊರುತ್ತಿದ್ದ ಒಬ್ಬ ಭಿಸ್ತಿ ಆ ದಾರಿಯಲ್ಲಿ ಬಂದ. ತುಂಬಿದ ಮಶ್ಕು ಬೆನ್ನಮೇಲಿತ್ತು. “ಅಮ್ಮಾ, ನೀರು ಬೇಕಾ?” ಎಂದು ಕೇಳಿದ. ಅಕ್ಕಯಮ್ಮ ಮುಖ ಆಚೆ ತಿರುಗಿಸಿದಳು. ಚೊಂಬನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಒಳಗೆ ಚಾಪೆಯ ಮೇಲೆ ಬಿದ್ದಿದ್ದ ಆದಿನಾರಾಯಣ ಎಲ್ಲವನ್ನೂ ನೋಡಿದ. ಅಮ್ಮ ಮಗನ ಬಾಯಿಗೆ ನೀರು ಹಾಕಿದಳು, ಸೊಸೆಯ ಬಾಯಿಗೆ ಹಾಕಿದಳು, ಆಮೇಲೆ ಇಬ್ಬರಿಗೂ ಬೆನ್ನು ತಿರುಗಿಸಿ ತಾನೂ ಕುಡಿದಳು. ಮೂವರೂ ಎದ್ದು ಓಡಾಡುವವರೆಗೆ ಭಿಸ್ತಿ ದಿನವೂ ಬಂದು ಮಡಕೆ ತುಂಬಿಸಿ ಹೋದ. ಅವನೇ ಹಬೀಬ್. ಆಗಿನ್ನೂ ಗಡ್ಡ ಕಪ್ಪಗಿತ್ತು.

ಜ್ವರ ಬಿಟ್ಟ ಮೇಲೆ ಅಕ್ಕಯಮ್ಮ ಮೊದಲು ಮಾಡಿದ ಕೆಲಸ ಮನೆಯ ಮಡಕೆಗಳನ್ನೆಲ್ಲ ಬೀದಿಗೆ ತಂದು ಒಡೆದು ಹಾಕಿದ್ದು. ಹಬೀಬ್ ನೀರು ಹೊತ್ತು ಬರುತ್ತಿದ್ದವನು ತಿರುವಿನಲ್ಲೇ ನಿಂತು ಅದನ್ನು ನೋಡಿದ. ಬಂದ ದಾರಿಯಲ್ಲೇ ತಿರುಗಿ ಹೋದ. ಅಂದಿನಿಂದ ಅಕ್ಕಯಮ್ಮನ ಮುಂದೆ ಆ ಮಾತೆತ್ತಿದರೆ ಒಂದೇ ಉತ್ತರ.

“ಸಾಬರ ನೀರಾ? ಯಾವ ಸಾಬ್ರು? ಆವತ್ತು ನೀರು ಕೊಟ್ಟಿದ್ದು ಮಾರಮ್ಮ ಕಣೋ. ಜ್ವರದಲ್ಲಿ ನಿನಗೇನು ಕಾಣ್ತಿತ್ತು?”

“ಮಾರಮ್ಮನಿಗೆ ಗಡ್ಡ ಇತ್ತಾ ಅಮ್ಮಾ?”

“ಇರುತ್ತೆ. ದೇವ್ರು, ಏನ್ ಬೇಕಾದ್ರೂ ಇರುತ್ತೆ.”

ಇನ್ನೊಮ್ಮೆ ಆದಿನಾರಾಯಣ, ಅಪ್ಪನ ಕಪಿಲೆಯ ಚೀಲವೂ ತೊಗಲಿನದೇ ತಾನೇ, ಆ ನೀರು ಕುಡಿದೇ ನೀನು ನನ್ನನ್ನು ಹೆತ್ತೆ ಎಂದ. ಅಕ್ಕಯಮ್ಮ ರಾಗಿ ಕೇರುವುದನ್ನು ನಿಲ್ಲಿಸದೆಯೇ, “ಅದು ನಮ್ಮ ತೊಗಲು” ಎಂದಳು. ಇಂಥವಳ ಜೊತೆ ವಾದ ಮಾಡಿ ಗೆದ್ದವರುಂಟೇ.

ಆ ಕಾಲದ ದಂಡು ಪ್ರದೇಶದ ಸಂಜೆಗಳನ್ನು ಕಂಡವರಿಗೆ ಗೊತ್ತು. ಬಿಸಿಲು ಇಳಿಯುತ್ತಿದ್ದ ಹಾಗೆ ಭಿಸ್ತಿಗಳು ಸಾಲಾಗಿ ಬಂದು ಮಣ್ಣಿನ ರಸ್ತೆಗೆ ನೀರು ಚಿಮುಕಿಸುತ್ತಿದ್ದರು. ಮಶ್ಕಿನ ಕೊರಳು ಒಂದು ಕೈಯಲ್ಲಿ, ಬೀಸಿದ ಕಡೆಗೆ ನೀರು ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತಿತ್ತು. ಒದ್ದೆ ಮಣ್ಣಿನ ವಾಸನೆ, ದೂರದಲ್ಲಿ ಬ್ಯಾರಕ್ಕಿನ ಬ್ಯೂಗಲ್ಲು, ಕೆರೆಯ ಕಡೆಯಿಂದ ತಣ್ಣನೆಯ ಗಾಳಿ. ಮನೆ ಮನೆಯ ಜಗಲಿಗೂ ಜನ ಬಂದು ಕೂರುತ್ತಿದ್ದರು. ಈಗ ಟಾರು ರಸ್ತೆ ಬಂದು ಧೂಳೂ ಇಲ್ಲ, ಭಿಸ್ತಿಯೂ ಇಲ್ಲ, ಆ ವಾಸನೆಯಂತೂ ಇಲ್ಲವೇ ಇಲ್ಲ. ಹಬೀಬ್ ಅವರ ಬೀದಿಗೂ ನೀರು ಚಿಮುಕಿಸುತ್ತಿದ್ದ. ಅಕ್ಕಯಮ್ಮನ ಮನೆ ಬಂದ ಕೂಡಲೇ ಮಶ್ಕಿನ ಬಾಯಿ ಬಿಗಿಹಿಡಿಯುತ್ತಿದ್ದ, ಮನೆ ದಾಟಿದ ಮೇಲೆ ಮತ್ತೆ ಬಿಡುತ್ತಿದ್ದ. ತನ್ನ ನೀರು ಆ ಹೊಸ್ತಿಲಿಗೆ ಸಿಡಿಯಬಾರದೆಂದು. ಇಡೀ ಬೀದಿ ಒದ್ದೆ, ನಡುವೆ ಒಂದು ಮನೆಯಗಲದ ಧೂಳು. ವರ್ಷಗಟ್ಟಲೆ ಆದಿನಾರಾಯಣ ಪ್ರತಿ ಸಂಜೆ ಆ ಧೂಳನ್ನು ತುಳಿದುಕೊಂಡು ಮನೆಯೊಳಗೆ ಹೋದ. ಪ್ರತಿ ಸಲವೂ ಅವನಿಗೆ ನಾಚಿಕೆಯಾಯಿತು.

ಗೂಟ ಖಾಲಿ ಉಳಿದದ್ದು ಅದಕ್ಕೆ. ತನ್ನ ಮನೆ ಹೇಳದೇ ಉಳಿಸಿದ ಮಾತನ್ನು ಅವನು ಮ್ಯೂಸಿಯಮ್ಮಿನ ಗೋಡೆಯ ಮೇಲಾದರೂ ಹೇಳಬೇಕಾಗಿತ್ತು. ನಲವತ್ತೆಂಟನೆಯ ಇಸವಿಯ ಕೊನೆಗೆ ಅವನು ರಿಟೈರಾಗುವವನಿದ್ದ. ಅಷ್ಟರೊಳಗೆ ಆಗದಿದ್ದರೆ ಇನ್ನು ಆಗುವುದಿಲ್ಲ.

ಆ ವರ್ಷದ ಬೇಸಗೆಯಲ್ಲಿ ಅವನು ಶಿವಾಜಿನಗರದ ಗಲ್ಲಿಯಲ್ಲಿದ್ದ ಹಬೀಬನ ಮನೆಗೆ ಹೋದ. ಹಿಂದೆ ಹೋದಾಗಲೆಲ್ಲ ಹಬೀಬ್ ಚಹಾ ಕೊಟ್ಟು, ಇನ್ನೂ ಕೆಲಸ ಮಾಡೋ ಮಶ್ಕು ಸಾರ್, ಹೇಗೆ ಕೊಡ್ಲಿ ಎಂದು ಕಳಿಸುತ್ತಿದ್ದ. ಈಗ ಇಂಗ್ಲಿಷರ ಗೋರಾ ಪಲ್ಟನ್ನುಗಳು ಹಡಗು ಹತ್ತಿ ಹೋಗಿದ್ದವು. ಹಬೀಬ್ ಬಾಗಿಲ ಮುಂದೆ ಕೂತು ಮಶ್ಕಿಗೆ ಎಣ್ಣೆ ಸವರುತ್ತಿದ್ದ.

“ಪಲ್ಟನ್ ಹೋಯ್ತು, ನಂದು ಭುಜಾನೂ ಹೋಯ್ತು,” ಎಂದು ನಕ್ಕ. “ಇದು ಒಂದೇ ಗಟ್ಟಿ ಐತೆ. ತಗೊಂಡು ಏನ್ ಮಾಡ್ತೀರಿ ಸಾರ್?”

“ಗೂಟಕ್ಕೆ ತೂಗಿ ಹಾಕ್ತೀನಿ ಹಬೀಬ್ ಭಾಯ್. ನೀರಿನ ಕೋಣೆ ಶುರು ಮಾಡ್ತೀವಿ, ಮಕ್ಕಳು ಮರಿ ಬಂದು ನೋಡ್ಲಿ.”

“ಖಾಲಿ ಮಶ್ಕು ತೂಗಿ ಹಾಕಿದ್ರೆ ಅದು ಮೇಕೆ ಚರ್ಮ ಸಾರ್. ಕಸಾಯಿ ಅಂಗಡಿ ಮುಂದೆ ಬೇಕಾದಷ್ಟು ತೂಗ್ತಾವೆ, ಅಲ್ಲೇ ನೋಡ್ಬಹುದು.” ಸ್ವಲ್ಪ ಹೊತ್ತು ಎಣ್ಣೆ ಸವರಿದ. ಆಮೇಲೆ ತಲೆಯೆತ್ತದೆ ಹೇಳಿದ. “ಕೊಡ್ತೀನಿ. ಒಂದು ಮಾತು. ಶುರು ಮಾಡೋ ದಿವಸ ನಾನು ತುಂಬಿಸ್ಕೊಂಡು ಬರ್ತೀನಿ. ನೋಡೋಕೆ ಬಂದೋರಲ್ಲಿ ಒಬ್ಬರಾದ್ರೂ ಇದ್ರ ನೀರು ಕುಡೀಬೇಕು. ನೀವಲ್ಲ, ನಿಮ್ಮ ಕೆಲಸದೋರಲ್ಲ, ನೀವು ಹೇಳಿ ಕಳ್ಸಿದೋರೂ ಅಲ್ಲ. ಕುಡಿದ್ರೆ ಅದು ಮಶ್ಕು, ನಿಮ್ಮ ಗೂಟಕ್ಕೆ ಹಾಕ್ಕೊಳ್ಳಿ. ಯಾರೂ ಕುಡೀಲಿಲ್ಲ ಅಂದ್ರೆ ಮನೇಗೆ ವಾಪಸ್.”

ಮಡಕೆಯ ಮಾತನ್ನು ಅವನು ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಒಬ್ಬರಾದರೂ ಕುಡಿಯದೇ ಇರುತ್ತಾರೆಯೇ ಎಂದುಕೊಂಡು ಆದಿನಾರಾಯಣ ಒಪ್ಪಿಬಿಟ್ಟ.

ಕಮಿಟಿಯ ಅಧ್ಯಕ್ಷರು ಅಂಜನಮೂರ್ತಿ ಎಂಬ ರಿಟೈರ್ಡ್ ಎಂಜಿನಿಯರು, ತುಕ್ಕಿನ ಹೆಸರು ಕೇಳಿದರೆ ಬೆಚ್ಚಿಬೀಳುವವರು. ವಿಷಯ ಕೇಳಿ ಕನ್ನಡಕ ತೆಗೆದರು.

“ಏನ್ರೀ ಆದಿನಾರಾಯಣ, ಇದು ಮ್ಯೂಸಿಯಮ್ಮೋ ಅರವಟಿಗೆಯೋ? ಒಳಗೆ ಒಂದು ಹನಿ ನೀರು ಬೀಳ್ಕೂಡದು.”

“ಜಗಲಿ ಮೇಲೆ ಕೊಡೋಣ ಸಾರ್. ಆಮೇಲೆ ಒಣಗಿಸಿ ಒಳಗೆ ಹಾಕೋಣ.”

ಅವರು ಗೊಣಗಿಕೊಂಡು ಒಪ್ಪಿದರು. ದಿನ ಯಾವುದೆಂದು ಮಾತು ಬಂತು. ಆಷಾಢ ಬೇಡ ಎಂದು ಒಬ್ಬರು ಅಂದರೆ, ಆಷಾಢವೇ ಆಗಲಿ, ಮದುವೆ ಮುಂಜಿ ಯಾವುದೂ ಇರುವುದಿಲ್ಲ, ಜನ ಖಾಲಿ ಕೂತಿರುತ್ತಾರೆ, ಬರುತ್ತಾರೆ ಎಂದು ಅಂಜನಮೂರ್ತಿ ಹೇಳಿದರು. ಆದಿನಾರಾಯಣನಿಗೂ ಸರಿಯೆನಿಸಿತು. ಪಂಚಾಂಗ ನೋಡಿದರು, ಭಾನುವಾರ ನೋಡಿದರು, ಕಾರ್ಡು ಅಚ್ಚು ಹಾಕಿಸಿ ಹಂಚಿಯೂ ಬಿಟ್ಟರು. ಹಬೀಬನ ಕೈಗೆ ಕಾರ್ಡು ಕೊಟ್ಟಾಗ ಅವನು ಪಕ್ಕದವನಿಂದ ತಾರೀಕು ಓದಿಸಿಕೊಂಡು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ. “ಬರ್ತೀನಿ ಸಾರ್” ಎಂದ.

ಶುರುವಾಗುವ ದಿನ ಬೆಳಿಗ್ಗೆ ಆದಿನಾರಾಯಣ ಅಕ್ಕಯಮ್ಮನನ್ನೂ ಕರೆದ.

“ಆಷಾಢದಲ್ಲಿ ಯಾರಾದ್ರೂ ಶುರು ಮಾಡ್ತಾರೇನೋ? ಗುಜರಿ ನೋಡೋಕೆ ಜಟಕಾ ಬೇರೆ ಕೇಡು. ನೀನು ಹೋಗು,” ಎಂದಳು. ಎಂಬತ್ತರ ಹತ್ತಿರವಾಗಿದ್ದರೂ ಅವಳ ಹಲ್ಲು, ನಾಲಿಗೆ ಎರಡೂ ಗಟ್ಟಿಯಾಗಿದ್ದವು.

ಆಷಾಢದ ಗಾಳಿ ಬೀಸುತ್ತಿತ್ತು. ಮೋಡ ಕವಿದು ತಣ್ಣಗಿತ್ತು, ಬಾಯಾರಿಕೆ ಎನ್ನುವುದು ಯಾರ ಮುಖದಲ್ಲೂ ಇರಲಿಲ್ಲ. ಹಬೀಬ್ ಒಗೆದ ಬಿಳಿ ಅಂಗಿ ತೊಟ್ಟು, ತುಂಬಿದ ಮಶ್ಕನ್ನು ಸೊಂಟಕ್ಕೆ ಇಳಿಬಿಟ್ಟು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಅಧ್ಯಕ್ಷರು ಭಾಷಣ ಮಾಡಿ ನೀರಿನ ಕೋಣೆಯ ಟೇಪು ಕತ್ತರಿಸಿದರು. ಜನ ಕಪಿಲೆ ನೋಡಿದರು, ಪಂಪು ನೋಡಿದರು, ಖಾಲಿ ಗೂಟವನ್ನೂ ನೋಡಿದರು. ಹೊರಗೆ ಬಂದು ಮಶ್ಕು ನೋಡಿ “ಓಹೋ” ಎಂದರು. ಪೇಟದ ಯಜಮಾನರೊಬ್ಬರು, ಈಗ ತಾನೇ ಮನೆಯಲ್ಲಿ ಕುಡಿದು ಬಂದೆ ಎಂದರು. ರೈಲ್ವೆಯ ಆಂಗ್ಲೋ ಇಂಡಿಯನ್ ಗಾರ್ಡೊಬ್ಬ “ಜರ್ಮ್ಸ್” ಎಂದು ಕರವಸ್ತ್ರ ತೆಗೆದ. ಸೆರಗು ಮೂಗಿಗೆ ಹಿಡಿದು ಸರಿದು ಹೋದವರು ಎಷ್ಟೋ.

ಮಧ್ಯಾಹ್ನದ ಹೊತ್ತಿಗೆ ಶಿವಾಜಿನಗರದಿಂದ ಟೋಪಿ ಹಾಕಿಕೊಂಡ ಒಂದು ಗುಂಪೇ ಬಂತು. ಆದಿನಾರಾಯಣನಿಗೆ ಹೋದ ಜೀವ ಬಂದಂತಾಯಿತು. ಕಬ್ಬಿಣದ ಸಾಮಾನಿನ ವ್ಯಾಪಾರಿ ನಜೀರ್ ಹಬೀಬನ ಬೆನ್ನು ತಟ್ಟಿದ, ಮಶ್ಕನ್ನು ಸವರಿದ, ತನ್ನ ಅಜ್ಜನ ಕಾಲದ ಮಾತೆಲ್ಲ ಹೇಳಿದ. ಕುಡಿಯಲಿಲ್ಲ. ಅವನ ಜೊತೆಗಿದ್ದ ಒಬ್ಬರೂ ಕುಡಿಯಲಿಲ್ಲ.

“ಯಾಕೆ ನಜೀರ್ ಸಾಹೇಬರೇ, ಒಂದು ಗುಟುಕು?” ಎಂದು ಆದಿನಾರಾಯಣನ ಬಾಯಿಂದ ಬಂದೇಬಿಟ್ಟಿತು.

“ರಂಜಾನ್ ಅಲ್ವಾ ಸಾರ್? ರೋಜಾ ಇದೀವಿ. ಸೂರ್ಯ ಮುಳುಗೋವರೆಗೆ ಉಗುಳೂ ನುಂಗಲ್ಲ.”

ಪಂಚಾಂಗದಲ್ಲಿ ಆದಿನಾರಾಯಣ ತಿಥಿ ನೋಡಿದ್ದ, ನಕ್ಷತ್ರ ನೋಡಿದ್ದ. ಆಷಾಢದ ಆ ಚಂದ್ರನೇ ರಂಜಾನಿನ ಚಂದ್ರನೂ ಆಗಿದ್ದಾನೆಂದು ಅವನಿಗಾಗಲಿ, ಅಷ್ಟು ಜನ ಓದಿದವರ ಕಮಿಟಿಗಾಗಲಿ ಹೊಳೆದೇ ಇರಲಿಲ್ಲ. ಹಿಂದೆಮುಂದೆ ನೋಡದೆ ಕುಡಿಯುತ್ತಿದ್ದ ಜನಕ್ಕೆಲ್ಲ ಆ ದಿನ ಉಪವಾಸ. ಹಬೀಬನ ಕಡೆ ನೋಡಿದ. ಬೆಳಿಗ್ಗೆಯಿಂದ ಅಷ್ಟು ನೀರು ಹೊತ್ತು ನಿಂತವನ ತುಟಿ ಒಡೆದು ಬಿಳಿಚಿಕೊಂಡಿತ್ತು.

“ಕಾರ್ಡು ಕೊಟ್ಟಾಗಲೇ ಯಾಕೆ ಹೇಳ್ಲಿಲ್ಲ ಹಬೀಬ್ ಭಾಯ್?”

“ಅಚ್ಚಾಗಿಹೋಗಿತ್ತಲ್ಲ ಸಾರ್. ಅಲ್ಲಾ ಇದಾನೆ, ಬಿಡಿ.”

ಹೆಂಡತಿಗೆ ಹೇಳಿ ಕಳಿಸೋಣ, ಅವಳು ಬಂದು ಕುಡಿದುಬಿಡಲಿ ಎಂದು ಒಂದು ಗಳಿಗೆ ಅನ್ನಿಸಿತು. ಕೊಟ್ಟ ಮಾತು ನೆನಪಾಗಿ ಸುಮ್ಮನಾದ. ಐದು ಗಂಟೆಗೆ ಬಂಗಲೆ ಮುಚ್ಚಬೇಕು. ಅಧ್ಯಕ್ಷರು ಕಾರು ಹತ್ತಿದರು, ಜನ ಚದುರಿದರು. ಗೇಟಿನವನು ಬೀಗದ ಕೈ ಆಡಿಸುತ್ತಿದ್ದಾಗ ಒಂದು ಜಟಕಾ ಬಂದು ನಿಂತಿತು. ಅದರಿಂದ ಚೊಂಬು ಹಿಡಿದುಕೊಂಡು ಅಕ್ಕಯಮ್ಮ ಇಳಿದಳು. ಅವಳು ಎಲ್ಲಿಗೆ ಹೊರಟರೂ ಮನೆಯ ಚೊಂಬು ಜೊತೆಗಿರಬೇಕು, ಬೇರೆಯವರ ಪಾತ್ರೆ ಮುಟ್ಟುವವಳಲ್ಲ.

“ನಿಮ್ಮಪ್ಪನ ಕಪಿಲೆ ನೋಡ್ಬೇಕು ಅನ್ನಿಸ್ತು, ಬಂದೆ. ಹಾಗ್ಯಾಕೆ ನೋಡ್ತೀಯ?”

ಒಳಗೆ ಕರೆದುಕೊಂಡು ಹೋದ. ಗಂಡನ ಕೈ ತಾಗಿ ತಾಗಿ ನುಣುಪಾಗಿದ್ದ ಹಗ್ಗವನ್ನು ಅವಳು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಖಾಲಿ ಗೂಟದ ಕಡೆ ಗಲ್ಲ ಎತ್ತಿ, ಇದೇನು ಎಂದು ಕೇಳಿದಳು.

ಆದಿನಾರಾಯಣನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. “ಹಬೀಬ್ ಭಾಯ್ ಮಶ್ಕಿಗೆ ಇಟ್ಟ ಜಾಗ ಅಮ್ಮಾ. ಇವತ್ತು ಯಾರಾದ್ರೂ ಅದರ ನೀರು ಕುಡಿದಿದ್ರೆ ಇಲ್ಲಿ ಇರ್ತಿತ್ತು. ಯಾರೂ ಕುಡೀಲಿಲ್ಲ. ವಾಪಸ್ ತಗೊಂಡ್ ಹೋಗ್ತಾನೆ.”

“ಹೂಂ,” ಎಂದಳು ಅಕ್ಕಯಮ್ಮ.

ಹೊರಗೆ ಹಬೀಬ್ ಮಶ್ಕಿನ ಪಟ್ಟಿಯನ್ನು ಭುಜಕ್ಕೆ ಏರಿಸಿಕೊಳ್ಳುತ್ತಿದ್ದ. ಅಕ್ಕಯಮ್ಮ ಅವನ ಮುಂದೆ ಹೋಗಿ ನಿಂತಳು. ಚೊಂಬನ್ನು ಕಟ್ಟೆಯ ಮೇಲಿಟ್ಟು ಎರಡೂ ಕೈ ಬೊಗಸೆ ಮಾಡಿದಳು. ಈ ಸಲ ಮುಖ ತಿರುಗಿಸಲಿಲ್ಲ. ಹಬೀಬ್ ಅವಳನ್ನು ನೋಡಿದ, ಮಶ್ಕಿನ ಕೊರಳನ್ನು ಸಡಿಲಿಸಿದ. ಸೆರಗಿನ ಮೇಲೆ ಚೆಲ್ಲಿದ್ದನ್ನೂ ಲೆಕ್ಕಿಸದೆ ಅವಳು ಗಟಗಟ ಕುಡಿದಳು. ಬಾಯಿ ಒರೆಸಿಕೊಂಡಳು.

“ಆವತ್ತಿನ ನೀರೇ ಚೆನ್ನಾಗಿತ್ತು,” ಎಂದಳು.

“ಅದು ಹಲಸೂರು ಬಾವೀದು ಅಮ್ಮಾ,” ಎಂದ ಹಬೀಬ್. “ಇದು ನಲ್ಲೀದು.”

“ಅಲ್ಲಯ್ಯಾ, ಬೀದಿಗೆಲ್ಲ ನೀರು ಹಾಕ್ತಿದ್ದೆ. ನಮ್ಮನೆ ಮುಂದೆ ಮಾತ್ರ ಹಾಕ್ತಿರ್ಲಿಲ್ಲ. ಅಷ್ಟು ವರ್ಷ ನಾನು ಒಬ್ಬಳೇ ಧೂಳು ಕುಡಿದೆ.”

“ನೀವು ಮಡಕೆ ಒಡೆದ್ರಲ್ಲಮ್ಮಾ.”

“ಒಡೆದೆ,” ಎಂದಳು. “ಒಡೀಬಾರದಿತ್ತು.” ಕಟ್ಟೆಯ ಮೇಲಿನ ಚೊಂಬು ತೆಗೆದು ಚಾಚಿದಳು. “ಇದಕ್ಕೂ ತುಂಬು.”

ಮನೆಗೆ ಕೊಂಡೊಯ್ಯಲಿರಬೇಕೆಂದು ಹಬೀಬ್ ತುಂಬಿಸಿದ. ಅವಳು ಮನೆಗೆ ಹೊರಡಲಿಲ್ಲ. “ನಿನ್ನ ತುಟಿ ಒಣಗಿದೆ, ನೀನೂ ಕುಡಿ” ಎಂದಳು. ರೋಜಾ ಅಮ್ಮಾ, ಸೂರ್ಯ ಮುಳುಗಬೇಕು ಎಂದು ಅವನು ಹೇಳಿದ. “ಮುಳುಗಲಿ ಬಿಡು, ನನಗೇನು ಕೆಲಸ,” ಎಂದು ಅಕ್ಕಯಮ್ಮ ಸೆರಗು ಹೊದ್ದು ಕಟ್ಟೆಯ ಮೇಲೆ ಕೂತಳು. ಆಷಾಢದ ಗಾಳಿಗೆ ಧೂಳು ಬೀಳದಂತೆ ಚೊಂಬಿನ ಬಾಯಿಗೆ ಅಂಗೈ ಮುಚ್ಚಿಕೊಂಡಳು. ಗೇಟಿನವನಿಗೆ ಬೀಗ ಹಾಕುವ ಧೈರ್ಯ ಬರಲಿಲ್ಲ. ತಾಯಿ, ಮಗ, ಹಬೀಬ್ ಮೂವರೂ ಕಾದರು.

ಕತ್ತಲಾಗುತ್ತ ಬಂದಾಗ ಫ್ರೇಜರ್ ಟೌನಿನ ಕಡೆಯಿಂದ ಮಸೀದಿಯ ಬಾಂಗು ಕೇಳಿಸಿತು. ಹಬೀಬ್ ಕರವಸ್ತ್ರದ ಗಂಟು ಬಿಚ್ಚಿ ಖರ್ಜೂರ ತೆಗೆದ. ಅಕ್ಕಯಮ್ಮ ಎದ್ದು, ತಾನು ಎಂದೂ ಯಾರಿಗೂ ಮುಟ್ಟಗೊಡದ ಆ ಚೊಂಬನ್ನು ಅವನ ಎರಡೂ ಕೈಗಳಿಗೆ ಕೊಟ್ಟಳು.

“ಕುಡಿ. ಮಾರಮ್ಮ ಕೊಟ್ಟಳು ಅನ್ಕೋ.”

ಹಬೀಬ್ ನಕ್ಕುಬಿಟ್ಟ. ಬಿಸ್ಮಿಲ್ಲಾ ಎಂದು ಚೊಂಬು ಎತ್ತಿ ಕುಡಿದ. ನೀರು ಬಿಳಿಯ ಗಡ್ಡದಿಂದ ಇಳಿದು ಅಂಗಿಯನ್ನೆಲ್ಲ ನೆನೆಸಿತು. ಆದಿನಾರಾಯಣ ಕಣ್ಣೊರೆಸಿಕೊಂಡು ಒಳಗೆ ಹೋದ. ದೀಪ ಹಚ್ಚಿ, ಗೂಟದ ಮೇಲೆ ಕೂತಿದ್ದ ಧೂಳನ್ನು ತನ್ನ ಪಂಚೆಯ ಚುಂಗಿನಿಂದ ಒರೆಸಿದ.